ಇಂಗ್ಲಿಷಿನಲ್ಲಿ ಕಾರು ಓಡಿಸಿದ್ದು

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದಲ್ಲಿ ಕಾರು ಕಲಿಯಬೇಕೆಂದರೆ ಮೊದಲು ಕಾರು ಮುಟ್ಟುವ ಹಾಗಿರಲಿಲ್ಲ. ಬೆಂಚಿನ ಮೇಲೆ ಕೂತು ಇಂಗ್ಲಿಷ್ ಬಾಯಿಪಾಠ ಮಾಡಬೇಕಿತ್ತು. ನಮ್ಮ ಮೇಷ್ಟ್ರು ಹಿಂದೆ ಯಾರೋ ಅಧಿಕಾರಿಯ ಜೀಪು ಓಡಿಸಿದವರಂತೆ. ಜೀಪು ಸರ್ಕಾರದ ಹತ್ತಿರ ಉಳಿದು, ಅಧಿಕಾರಿಯ ಇಂಗ್ಲಿಷ್ ಮಾತ್ರ ಇವರ ಪಾಲಿಗೆ ಬಂದಿತ್ತು. ಅದನ್ನು ಖಾಕಿ ಅಂಗಿಯ ಗುಂಡಿಗಳಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದರು.

ಹಾಫ್ ಕ್ಲಚ್, ಡಬಲ್ ಡಿಕ್ಲಚ್, ಡೆಡ್ ಸ್ಲೋ, ಗಿವ್ ವೇ. ಮೂರು ವಾರ ಇದೇ ಭಜನೆ. ಝೀಬ್ರಾ ಕ್ರಾಸಿಂಗನ್ನು ಮೇಷ್ಟ್ರು ಅಂಗಳದಲ್ಲಿ ಸುಣ್ಣದಿಂದ ಬರೆದು ತೋರಿಸಿದರು. ಅಂಥದ್ದನ್ನು ಅವರಾದರೂ ಕಣ್ಣಾರೆ ಕಂಡಿದ್ದರೋ ಇಲ್ಲವೋ ಗೊತ್ತಿಲ್ಲ. ಹೇರ್‌ಪಿನ್ ಬೆಂಡ್ ಬಗ್ಗೆ ಒಂದು ದಿನವಿಡೀ ಪಾಠವಾಯಿತು. ಹಿರಿಯೂರಿನ ಕಡೆ ಹತ್ತು ಮೈಲಿ ನೆಟ್ಟಗೆ ಹೋಗುವ ರಸ್ತೆಗಳಲ್ಲಿ ಓಡಾಡುವವರಿಗೆ! ಕಾರು ಕೊಟ್ಟ ಮೇಲೂ ಪ್ರತಿ ಪದವನ್ನು ಗಟ್ಟಿಯಾಗಿ ಹೇಳಿಯೇ ಕಾಲು ಒತ್ತಬೇಕು, ಕೈ ತಿರುಗಿಸಬೇಕು. ಹೇಳದೆ ಮಾಡಿದರೆ ಬೆರಳ ಗಂಟಿನ ಮೇಲೆ ಸ್ಪ್ಯಾನರಿನ ಏಟು ಬೀಳುತ್ತಿತ್ತು.

ಹೊಸದುರ್ಗದ ಲಾರಿ ಕ್ಲೀನರ್ ಒಬ್ಬ ನಮ್ಮ ಜೊತೆಗಿದ್ದ. ತುಂಬಿದ ಲಾರಿಯನ್ನು ಸಂದಿಯಲ್ಲಿ ಹಿಂದಕ್ಕೆ ನಡೆಸಿ ಮಂಡಿಯ ಬಾಗಿಲಿಗೆ ಗೇಣು ಅಂತರದಲ್ಲಿ ನಿಲ್ಲಿಸುವ ಗಟ್ಟಿಗ. ಆದರೆ ಕೇಳಿದರೆ ‘ಹಿಂದಕ್ಕೆ’ ಅನ್ನುತ್ತಿದ್ದ. ರಿವರ್ಸ್ ಎಂಬುದು ಅವನ ಬಾಯಿಗೆ ಬರುತ್ತಿರಲಿಲ್ಲ. ಎರಡು ಸಲ ಫೇಲಾಗಿ ಬರುವುದನ್ನೇ ಬಿಟ್ಟ. ಗೇರು ಹಾಕಲೂ ತಡವರಿಸುತ್ತಿದ್ದ ನಾವೆಲ್ಲ ಅವನನ್ನು ನೋಡಿ ನಕ್ಕೆವು. ನಾನೇ ಹೆಚ್ಚು ನಕ್ಕವನು.

ನನಗೆ ನಗುವ ಹಕ್ಕೇನೂ ಇರಲಿಲ್ಲ. ನಮ್ಮದು ಧರ್ಮಪುರದ ಕಡೆಯ ಹಳ್ಳಿ, ಕುರಿ ಕಾಯುವ ಮನೆತನ. ಇಪ್ಪತ್ತು ವರ್ಷದವರೆಗೆ ಹೆಗಲ ಮೇಲೆ ಕಂಬಳಿ ಹೊತ್ತು ಮಂದೆಯ ಹಿಂದೆ ತಿರುಗಿದ್ದೆ. ಹಿರಿಯೂರಿನ ಶೇಂಗಾ ಎಣ್ಣೆ ಮಿಲ್ಲಿನ ಸಾಹುಕಾರರು ಕಾರು ಕೊಂಡಿದ್ದರು. ಸುಗ್ಗಿಯೊಳಗೆ ಲೈಸೆನ್ಸ್ ತಂದರೆ ಡ್ರೈವರ್ ಕೆಲಸ ನಿನಗೇ, ಇಲ್ಲದಿದ್ದರೆ ಬೇರೆಯವರು ಇದ್ದಾರೆ ಎಂದಿದ್ದರು. ಮತ್ತೆ ಕುರಿಯ ಹಿಂದೆ ಹೋಗುವುದಕ್ಕಿಂತ ಸಾಯುವುದು ವಾಸಿ ಎಂದು ಆಗ ನಿಜವಾಗಿಯೂ ಅನ್ನಿಸಿತ್ತು. ಸುಗ್ಗಿಗೆ ಮುಂಚೆ ಪರೀಕ್ಷೆಗೆ ಉಳಿದಿದ್ದುದು ಒಂದೇ ದಿನ.

ಪರೀಕ್ಷೆಯ ಇನ್‌ಸ್ಪೆಕ್ಟರು ನನ್ನ ಪಕ್ಕ ಕೂತರು, ಮೇಷ್ಟ್ರು ಹಿಂದಿನ ಸೀಟಿನಲ್ಲಿ. ಹೊಳಲ್ಕೆರೆ ರಸ್ತೆಯಲ್ಲಿ ಹೊರಟೆವು. ನಾನು ಪುರೋಹಿತರಂತೆ ಒಂದೊಂದೇ ಪದ ಉಚ್ಚರಿಸುತ್ತ ಗೇರು ಬದಲಿಸಿದೆ. ಇನ್‌ಸ್ಪೆಕ್ಟರು ತಲೆಯಾಡಿಸುತ್ತಿದ್ದರು. ಮೂರು ಮೈಲಿ ದಾಟಿರಬೇಕು, ಎದುರಿಗೆ ಇಡೀ ರಸ್ತೆ ತುಂಬಿಕೊಂಡು ಕುರಿಮಂದೆ ಬಂತು.

ಮಂದೆ ಕಂಡರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಂಡಿ ನಿಲ್ಲಿಸಿ ಸುಮ್ಮನಿರಬೇಕು. ಮುಂದಿನ ಟಗರು ಅಂಚಿಗೆ ಇಳಿದರೆ ಉಳಿದವು ತಾವಾಗಿಯೇ ಇಳಿಯುತ್ತವೆ. ಸದ್ದು ಮಾಡಿದರೆ ಬೆದರಿ ಒಂದರ ಮೇಲೊಂದು ಬೀಳುತ್ತವೆ. ಹಾರ್ನ್ ಹೊಡೆದ ಎಷ್ಟು ಲಾರಿಯವರಿಗೆ ನಾನೇ ಶಾಪ ಹಾಕಿರಲಿಲ್ಲ! ಆದರೆ ಮೇಷ್ಟ್ರ ಪಾಠದಲ್ಲಿ ದನಕರು ಎದುರಾದರೆ ಹೇಳಬೇಕಾದ ಮಾತೇ ಬೇರೆ ಇತ್ತು.

“ಸೌಂಡ್ ಹಾರ್ನ್, ಕೀಪ್ ಲೆಫ್ಟ್” ಎಂದು ಗಟ್ಟಿಯಾಗಿ ಹೇಳಿ ಹಾರ್ನ್ ಒತ್ತಿದೆ.

ಮಂದೆ ಚೆಲ್ಲಾಪಿಲ್ಲಿಯಾಯಿತು. ಹಿಂದಿನವು ಮುಂದಿನವನ್ನು ತುಳಿದವು. ಒಂದು ಮರಿ ಬಂಪರಿನ ಮುಂದೆಯೇ ಬಿದ್ದು ಅರಚಿತು. ಬ್ರೇಕ್ ಒತ್ತಿ ನಿಲ್ಲಿಸಿದೆ. ಕಾರು ತಾಗಿರಲಿಲ್ಲ, ಮಂದೆಯ ಕಾಲ್ತುಳಿತಕ್ಕೇ ಅದರ ಕಾಲು ಮುರಿದಿತ್ತು.

ಕುರಿಯವನು ನಮ್ಮಪ್ಪನ ವಯಸ್ಸಿನವನು. ಬೈಯುತ್ತಾನೆಂದುಕೊಂಡೆ, ಬೈಯಲಿಲ್ಲ. ಮರಿಯನ್ನೆತ್ತಿಕೊಂಡು ಕಿಟಕಿಯ ಹತ್ತಿರ ಬಂದ.

“ಸ್ವಲ್ಪ ಇಳ್ದು ಹಿಡ್ಕಳ್ರಿ. ಒಬ್ನೇ ಕಟ್ಟಾಕಾಗಲ್ಲ.”

ಎರಡು ಕಡ್ಡಿ ಇಟ್ಟು ಮುರಿದ ಕಾಲು ಕಟ್ಟುವುದು ನನಗೆ ಕಣ್ಣು ಮುಚ್ಚಿಕೊಂಡೂ ಬರುತ್ತಿತ್ತು. ಆದರೆ ಪರೀಕ್ಷೆಯ ನಡುವೆ ಸೀಟು ಬಿಟ್ಟವನು ಫೇಲು ಎಂದು ಮೇಷ್ಟ್ರು ನೂರು ಸಲ ಹೇಳಿದ್ದರು. ಇನ್‌ಸ್ಪೆಕ್ಟರತ್ತ ನೋಡಿದೆ, ಅವರು ಏನೋ ಬರೆಯುತ್ತಿದ್ದರು. ಬೇಡ ಎಂದು ಅವರು ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಕೈ ಸ್ಟಿಯರಿಂಗಿನ ಮೇಲೆಯೇ ಇತ್ತು.

“ಯಾವೂರಪ್ಪ ನಿಂದು?” ಎಂದ ಕುರಿಯವನು, ನನ್ನ ಮುಖವನ್ನೇ ನೋಡುತ್ತ.

“ದುರ್ಗ” ಎಂದೆ.

ಅವನು ಮರಿಯೊಂದಿಗೆ ಕಾರಿನ ಹಿಂದಕ್ಕೆ ಹೋದ. ಮಂದೆ ಅಂಚಿಗೆ ಇಳಿದು ದಾರಿ ತೆರವಾಯಿತು. ಹೊರಡು ಎಂದು ಇನ್‌ಸ್ಪೆಕ್ಟರು ಸನ್ನೆ ಮಾಡಿದರು. ಕಾರು ಮುಂದೆ ಸಾಗಿದಾಗ ಎದುರಿನ ಪುಟ್ಟ ಕನ್ನಡಿಯಲ್ಲಿ ಅವನು ಕಾಣುತ್ತಿದ್ದ. ರಸ್ತೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಮರಿಯನ್ನು ಮೊಣಕಾಲ ನಡುವೆ ಅದುಮಿ, ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಬ್ಬನೇ ಕಟ್ಟುತ್ತಿದ್ದ. ನನಗೆ ನಾಚಿಕೆಯಾಯಿತು. ಆದರೂ ಬ್ರೇಕ್ ಒತ್ತಲಿಲ್ಲ.

ನಾನು ಕನ್ನಡಿ ನೋಡುತ್ತಿರುವುದನ್ನು ಇನ್‌ಸ್ಪೆಕ್ಟರು ಮೆಚ್ಚಿಕೊಂಡರೆಂದು ಕಾಣುತ್ತದೆ. ಪೆನ್ನಿನ ತುದಿಯಿಂದ ಅದನ್ನು ತಟ್ಟಿ, ಇದಕ್ಕೇನನ್ನುತ್ತಾರೆ ಎಂದು ಕೇಳಿದರು.

“ರಿಯರ್ ವ್ಯೂ ಮಿರರ್, ಸರ್” ಎಂದೆ.

ಪಾಸು ಮಾಡಿದರು.