ದೆವ್ವ ಇಳಿಸುವ ಗಂಜಿ ಅಂಗಡಿ

ಸಾನ್ ರೊಮುಯಾಲ್ಡೊದಲ್ಲಿ ಯಾರಾದರೂ ಸತ್ತ ಸುದ್ದಿ ಬಂದರೆ ಆಲಿಂಗ್ ತೊಮಾಸಾ ಎರಡು ಕೆಲಸ ಮಾಡುತ್ತಿದ್ದಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು, ಇನ್ನಷ್ಟು ಅಕ್ಕಿ ನೆನೆಹಾಕುತ್ತಿದ್ದಳು. ಯಾವುದನ್ನು ಮೊದಲು ಮಾಡುತ್ತಿದ್ದಳು ಎಂಬ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿದ್ದವು.

ಅದಕ್ಕಾಗಿ ಅವಳನ್ನು ಬೈದು ಪ್ರಯೋಜನವಿಲ್ಲ. ಸಾವಿನ ಮನೆಗೆ ಹೋದವರು ಅಲ್ಲಿಂದ ನೆಟ್ಟಗೆ ತಮ್ಮ ಮನೆ ಸೇರುವಂತಿಲ್ಲ. ಸೇರಿದರೆ ಸತ್ತವರೂ ಬೆನ್ನಿಗೆ ಅಂಟಿಕೊಂಡು ಬಂದು ಮಂಚದ ಮೇಲೆ ಕೂರುತ್ತಾರೆ. ನಡುವೆ ಎಲ್ಲಾದರೂ ಹೊಕ್ಕು, ಏನಾದರೂ ತಿಂದು, ಅವರನ್ನು ಅಲ್ಲೇ ಕೊಡವಿ ಬರಬೇಕು. ಪಗ್ಪಗ್ ಎಂದರೆ ಅದೇ. ತೊಮಾಸಾಳ ಗಂಜಿ ಅಂಗಡಿ ಇದ್ದದ್ದು ಕೊಬ್ಬರಿ ಗೋದಾಮಿನ ಪಕ್ಕ, ಊರಿನ ದಾರಿಗಳೆಲ್ಲ ಕೂಡುವ ಜಾಗದಲ್ಲಿ. ಯಾರು ಎಲ್ಲಿ ಸತ್ತರೂ ಜನ ಅವಳ ಬಾಗಿಲ ಮುಂದೆಯೇ ಹಾಯಬೇಕು. ಶುಂಠಿ ಜಜ್ಜಿ, ಕೋಳಿ ಹಾಕಿ, ಮೇಲೆ ಹುರಿದ ಬೆಳ್ಳುಳ್ಳಿ ಉದುರಿಸಿದ ಗಂಜಿ. ಕಣ್ಣೊರೆಸಿಕೊಂಡು ಒಳಗೆ ಬಂದವರು ಎರಡನೆಯ ಬಟ್ಟಲಿಗೆ ಕೈ ಚಾಚುವಷ್ಟರಲ್ಲಿ ಸತ್ತವರ ಬಗ್ಗೆ ನಿಜ ಮಾತಾಡಲು ಶುರು ಮಾಡಿರುತ್ತಿದ್ದರು.

ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ ಇದೆಲ್ಲ ಮೂಢನಂಬಿಕೆ ಎಂದು ಗುಡುಗುತ್ತಿದ್ದರು. ಹೆಣಕ್ಕೆ ತೀರ್ಥ ಚಿಮುಕಿಸಿ ಮರಳುವಾಗ ಅವರೂ ಬಂದು ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದರು. ಗಂಜಿಯೇನೂ ಮೂಢನಂಬಿಕೆಯಲ್ಲವಲ್ಲ.

ಹೀಗೆ ಊರಿನ ಅರ್ಧಕ್ಕರ್ಧ ಸತ್ತವರು ತೊಮಾಸಾಳ ಅಂಗಡಿಯಲ್ಲೇ ಇಳಿದಿದ್ದರು. ಅವಳು ತಲೆ ಕೆಡಿಸಿಕೊಂಡವಳಲ್ಲ. "ಅಲ್ಲಿ ಕೂರ್ಬೇಡಿ, ಹಳೇ ಮೇಯರ್ ಜಾಗ ಅದು. ಜೇಬಿಗೆ ಕೈ ಹಾಕ್ತಾರೆ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು. ಮೇಯರರ ನೆಂಟರು ಕೂಡ ನಕ್ಕು ಬೇರೆ ಬೆಂಚಿಗೆ ಸರಿಯುತ್ತಿದ್ದರು.

ಆ ಹೊಸ್ತಿಲು ತುಳಿಯದೆ ಉಳಿದವಳು ಒಬ್ಬಳೇ, ಅವಳ ಸ್ವಂತ ತಂಗಿ ರುಫೀನಾ. ರುಫೀನಾಳದು ಇಗರ್ಜಿಯ ಎದುರು ಬಿಬಿಂಗ್ಕಾ ಅಂಗಡಿ. ಅಕ್ಕಿಹಿಟ್ಟಿಗೆ ತೆಂಗಿನಹಾಲು ಬೆರೆಸಿ, ಬಾಳೆಲೆಯ ಮೇಲೆ ಹೊಯ್ದು, ಕೆಳಗೂ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದಳು. ಅವರ ತಾಯಿ ತೀರಿಕೊಂಡದ್ದು ರುಫೀನಾಳ ಮನೆಯಲ್ಲಿ, ತೊಮಾಸಾ ಹೊಸದಾಗಿ ಅಂಗಡಿ ಇಟ್ಟ ಕಾಲದಲ್ಲಿ. ಅಲ್ಲಿ ಹೆಣ ನೋಡಿದ ಊರೆಲ್ಲ ಇಲ್ಲಿ ಬಂದು ಗಂಜಿ ಕುಡಿಯಿತು. ಅಂಗಡಿ ಕುದುರಿದ್ದೇ ಆ ವಾರ. ಮಣ್ಣು ಮಾಡಿದ ದಿನ ರುಫೀನಾ ಇಗರ್ಜಿಯ ಮೆಟ್ಟಿಲ ಮೇಲೆ ಎಲ್ಲರೆದುರು, "ಅಮ್ಮನ ಹೆಣ ಇಟ್ಕೊಂಡು ವ್ಯಾಪಾರ ಮಾಡಿದ್ಳು," ಎಂದಳು. ಮರುದಿನದಿಂದ ಅವಳ ಹೊಸ್ತಿಲಿಗೆ ಅಡ್ಡಲಾಗಿ ಉಪ್ಪಿನ ಗೆರೆ ಬಿತ್ತು. ಮೇಲೊಂದು ಬೋರ್ಡು: ಸಾವಿನ ಮನೆಯಿಂದ ಬರುವವರಿಗೆ ಪ್ರವೇಶವಿಲ್ಲ. ಅಕ್ಕತಂಗಿಯರ ಮಾತು ಅಲ್ಲಿಗೆ ನಿಂತಿತು. ಪೂಜೆಯಲ್ಲಿ ಎಲ್ಲರೂ ಕೈ ಹಿಡಿದು ಶಾಂತಿ ಕೋರುವಾಗ, ಒಂದೇ ಬೆಂಚಿನ ಎರಡು ತುದಿಯಲ್ಲಿದ್ದ ಇವರಿಬ್ಬರ ಶಾಂತಿ ನಡುವೆ ಕೂತವರ ಹತ್ತಿರವೇ ಮುಗಿದುಹೋಗುತ್ತಿತ್ತು.

ಇನ್ನು ತೊಮಾಸಾಳ ಗಂಡ ಮಾಂಗ್ ತಾಕ್ಯೊ. ಅವನು ಏನು ಕೆಲಸ ಮಾಡುತ್ತಿದ್ದ ಎಂದು ಯಾರೂ ಕೇಳುತ್ತಿರಲಿಲ್ಲ, ಅವನಿಗೆ ಬೇಜಾರಾದೀತೆಂದು. ಗಲ್ಲಾದ ಪಕ್ಕ ಕುರ್ಚಿ ಹಾಕಿಕೊಂಡು ಬಂದವರೊಂದಿಗೆ ಹರಟುತ್ತಿದ್ದ, ಕೋಳಿಯ ಒಳ್ಳೆಯ ತುಂಡುಗಳನ್ನು ತಾನೇ ರುಚಿ ನೋಡುತ್ತಿದ್ದ, ಶುಕ್ರವಾರ ಮಧ್ಯಾಹ್ನ ಕಾಳಗದ ಹುಂಜಗಳ ತಾಲೀಮು ನೋಡಲು ಹೋಗುತ್ತಿದ್ದ. ಸತ್ತದ್ದೂ ಅದೇ ಕುರ್ಚಿಯಲ್ಲಿ, ಕೈಯಲ್ಲಿ ಬಟ್ಟಲು ಹಿಡಿದು. ಬಟ್ಟಲು ಖಾಲಿಯಾಗಿತ್ತು. "ಪೂರ್ತಿ ತಿಂದೇ ಹೋಗಿದಾನೆ," ಎಂದು ತೊಮಾಸಾ ಮೊದಲು ನಕ್ಕಳು. ಆಮೇಲೆ ಆ ಬಟ್ಟಲನ್ನು ಯಾರಿಗೂ ಕೊಡದೆ ಎದೆಗವಚಿಕೊಂಡು ಅತ್ತಳು.

ಅಂಗಡಿಯೇ ಮನೆ, ಹಾಗಾಗಿ ಶವಪೆಟ್ಟಿಗೆಯನ್ನು ಒಲೆಯ ಎದುರಿಗೇ ಇಟ್ಟರು. ಊರಿಗೆ ಊರೇ ಬಂತು. ಹೆಣ ಕಾಯುವ ರೂಢಿಯಂತೆ ಇಸ್ಪೀಟು ಶುರುವಾಯಿತು, ಬಿಸ್ಕತ್ತು, ಕಾಫಿ ಸುತ್ತಿದವು. ಹೊರಡುವ ಹೊತ್ತು ಬಂದಾಗ ಮಾತ್ರ ಒಬ್ಬರೂ ಏಳಲಿಲ್ಲ. ಎದ್ದು ಹೋಗುವುದೆಲ್ಲಿಗೆ? ಇಷ್ಟು ವರ್ಷ ಸತ್ತವರನ್ನು ಇಳಿಸಿದ ಜಾಗದಲ್ಲೇ ಈಗ ಹೆಣ ಮಲಗಿತ್ತು. ಹೊಕ್ಕು ತಿನ್ನಲು ಊರಿನಲ್ಲಿ ಇನ್ನುಳಿದದ್ದು ರುಫೀನಾಳ ಅಂಗಡಿ, ಅಲ್ಲಿ ಬೋರ್ಡಿತ್ತು. ಸಾವಿನ ಮನೆಯವರು ಬಂದವರನ್ನು ಬಾಗಿಲವರೆಗೆ ಕಳಿಸಿಕೊಡುವಂತಿಲ್ಲವಾದ್ದರಿಂದ ತೊಮಾಸಾ ಹೊರಡಿ ಎನ್ನುವಂತೆಯೂ ಇರಲಿಲ್ಲ.

ಕೊನೆಗೆ ಬರಂಗಾಯ್‌ನ, ಅಂದರೆ ವಾರ್ಡಿನ, ಮುಖ್ಯಸ್ಥ ಕಪಿತಾನ್ ಬೆರೊಗೆ ಒಂದು ಉಪಾಯ ಹೊಳೆಯಿತು. "ಮುನ್ಸಿಪಾಲಿಟಿ ಆಫೀಸಲ್ಲಿ ಸ್ವಲ್ಪ ಹೊತ್ತು ಕೂತ್ಕೊಂಡು ಮನೆಗೆ ಹೋಗಿ. ಅಲ್ಲಿ ಹೆಂಗೂ ಜೀವ ಇರೋರು ಯಾರೂ ಇಲ್ಲ," ಎಂದ. ಮರುದಿನ ಆಫೀಸು ತೆರೆಯುತ್ತಲೇ ಜನ ಹೋದರು. ತೆರಿಗೆ ಕಟ್ಟುವವರ ಬೆಂಚುಗಳೆಲ್ಲ ಭರ್ತಿ. ಅಲ್ಲಿನ ಗುಮಾಸ್ತರು ಇಷ್ಟು ಜನರನ್ನು ಕಂಡು ಚುನಾವಣೆ ಬಂತೇನೋ ಎಂದುಕೊಂಡರು. ವಿಷಯ ತಿಳಿದ ಈಗಿನ ಮೇಯರ್, ತಾಕ್ಯೊನನ್ನು ತನ್ನ ಕೋಣೆಯ ಹೊರಗೆ ಬಿಟ್ಟುಹೋಗುತ್ತಿದ್ದಾರೆಂದು ಹೌಹಾರಿ ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿದ. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಮೂರನೆಯ ದಿನ ಕುರ್ಚಿಗಳು ಖಾಲಿ. ಗೋದಾಮಿನ ಕೂಲಿಗಳು ರಸ್ತೆಯಾಚೆ ನಿಂತು ಟೋಪಿ ತೆಗೆದು ಹಾಗೇ ಹೋದರು. ಪಾದ್ರಿಗಳಿಗೆ ಇದ್ದಕ್ಕಿದ್ದಂತೆ ನೆಗಡಿಯಾಯಿತು. ಉಳಿದವನು ಕಪಿತಾನ್ ಬೆರೊ ಒಬ್ಬನೇ. ಕೊಡವಿಕೊಳ್ಳದೆ ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಹೆಂಡತಿ ಹೇಳಿಕಳಿಸಿದ್ದರಿಂದ ಮೊದಲ ದಿನದ ಅಂಗಿಯಲ್ಲೇ ಕೂತಿದ್ದ.

ತೊಮಾಸಾ ಗಂಡನ ಮುಖ ನೋಡಿದಳು. ಇವನು ಜನರಿಲ್ಲದೆ ಒಂದು ಗಳಿಗೆ ಕಳೆದವನಲ್ಲ. ಮಣ್ಣಾಗಲು ಇನ್ನೂ ದಿನಗಳಿದ್ದವು, ದೂರದಲ್ಲಿದ್ದ ಮಗಳು ಹಡಗಿನಲ್ಲಿ ಬರಬೇಕಿತ್ತು. ಅಲ್ಲಿಯವರೆಗೆ ಇವನು ಖಾಲಿ ಕುರ್ಚಿಗಳ ನಡುವೆ ಬಿದ್ದಿರುವುದನ್ನು ನೋಡಲು ಅವಳಿಂದ ಸಾಧ್ಯವಿರಲಿಲ್ಲ.

"ಬೆರೊ, ಇವನ ಹತ್ರ ಏನಾದ್ರೂ ಮಾತಾಡ್ತಿರು," ಎಂದಳು.

"ಏನ್ ಮಾತಾಡ್ಲಿ ಆಲಿಂಗ್ ತೊಮಾಸಾ?"

"ಯಾರದ್ದಾದ್ರೂ ಚಾಡಿ ಹೇಳು. ಇಷ್ಟಪಡ್ತಾನೆ."

ಕಪ್ಪು ಬಟ್ಟೆಯಲ್ಲೇ ಇಗರ್ಜಿ ಬೀದಿಗೆ ನಡೆದಳು. ರುಫೀನಾಳ ಅಂಗಡಿಯ ಮುಂದೆ, ಉಪ್ಪಿನ ಗೆರೆಯ ಈಚೆಗೆ ನಿಂತಳು. ತಂಗಿ ಕೆಂಡ ಕೆದಕುತ್ತಿದ್ದಳು, ತಲೆ ಎತ್ತಲಿಲ್ಲ.

"ಬೋರ್ಡು ಓದೋಕೆ ಬರಲ್ವಾ?"

"ಓದಿದೀನಿ. ಅದಕ್ಕೇ ಹೊರಗೆ ನಿಂತಿದೀನಿ."

"ಏನ್ ಬೇಕಿತ್ತು?"

"ತಾಕ್ಯೊ ಒಬ್ನೇ ಆಗ್ಬಿಟ್ಟಿದಾನೆ. ಒಬ್ರೂ ಬರ್ತಿಲ್ಲ. ನಮ್ಮನೆಯಿಂದ ಬರೋರ್ನ ಮಣ್ಣಾಗೋವರ್ಗೂ ಇಲ್ಲಿ ಒಳಗೆ ಬಿಡು. ನಿನ್ ಬಿಬಿಂಗ್ಕಾನೇ ತಿನ್ಲಿ, ಲಾಭ ನಿಂದೇ."

"ಹೆಣ ಇಟ್ಕೊಂಡು ಲಾಭ ಮಾಡೋ ವಿದ್ಯೆ ನಂಗೆ ಬರಲ್ಲ."

ಬೇರೆ ದಿನವಾಗಿದ್ದರೆ ತೊಮಾಸಾ ಇಡೀ ಬೀದಿಗೆ ಕೇಳುವಂತೆ ಉತ್ತರ ಕೊಡುತ್ತಿದ್ದಳು. ಈಗ ನುಂಗಿಕೊಂಡಳು. "ಬೈಯೋದು ಎಷ್ಟಿದ್ಯೋ ಬೈದು ಮುಗಿಸು, ಆಮೇಲೆ ಹೂಂ ಅನ್ನು. ಅವನಿಗೆ ಒಬ್ನೇ ಇದ್ದು ಅಭ್ಯಾಸ ಇಲ್ಲ ಕಣೆ. ಕಕ್ಕಸಿಗೆ ಹೋದ್ರೂ ಬಾಗಿಲಾಚೆ ನಿಂತು ಮಾತಾಡು ಅಂತಿದ್ದ."

"ಗೊತ್ತು," ಎಂದಳು ರುಫೀನಾ. ತುಟಿ ನಗಲು ಹೊರಟದ್ದನ್ನು ಕಚ್ಚಿ ಹಿಡಿದಳು.

"ನಿಂಗೆ ಹೆಂಗೆ ಗೊತ್ತು?"

ರುಫೀನಾ ಇಕ್ಕಳ ಕೆಳಗಿಟ್ಟಳು. "ಶುಕ್ರವಾರ ಹುಂಜ ನೋಡೋಕೆ ಹೋಗ್ತಿದ್ದ ಅನ್ಕೊಂಡಿದ್ಯಾ? ಹಿತ್ತಿಲ ಬಾಗಿಲಿಂದ ಇಲ್ಲಿಗೆ ಬರ್ತಿದ್ದ. ಆ ಡಬ್ಬ ಬೋರಲು ಹಾಕ್ಕೊಂಡು ಕೂತು ತಿಂತಿದ್ದ. ದುಡ್ಡು ಕೊಟ್ಟಿದ್ದು ನಾ ಕಾಣೆ. ಅಮ್ಮನ ಸುದ್ದಿ ಹೇಳ್ತಿದ್ದ."

"ಸತ್ತಿರೋ ಅಮ್ಮನದ್ದು ಏನೇ ಸುದ್ದಿ?"

"ಇವತ್ತು ಒಲೆ ಪಕ್ಕ ಕೂತಿದಾರೆ. ಗಂಜಿಗೆ ಶುಂಠಿ ಜಾಸ್ತಿ ಆಯ್ತು ಅಂತ ಗೊಣಗ್ತಿದಾರೆ. ಹಿಂಗೇ ಹೇಳ್ತಿದ್ದ. ಸುಳ್ಳುಬುರುಕ." ರುಫೀನಾಳ ದನಿ ಒಡೆಯಿತು. "ನನ್ ತೊಡೆ ಮೇಲೆ ಜೀವ ಬಿಟ್ಳು ಅಮ್ಮ. ಊರೋರೆಲ್ಲ ಸೇರಿ ಬೆನ್ನಿಗಂಟಿಸ್ಕೊಂಡು ಹೋಗಿ ನಿನ್ ಅಂಗಡೀಲಿ ಇಳಿಸಿಬಿಟ್ರು. ನನ್ ಮನೇಲಿ ಏನೂ ಉಳೀಲಿಲ್ಲ ಅಕ್ಕಾ. ನಿನ್ ಗಂಜಿ ದುಡ್ಡಿಗೆ ಸಿಟ್ಟಾಗಿದ್ದೆ ಅನ್ಕೊಂಡ್ಯಾ?"

ತೊಮಾಸಾ ಹಾಗೆಯೇ ಅಂದುಕೊಂಡಿದ್ದಳು, ಇಷ್ಟು ವರ್ಷವೂ. ಅವಳಿಗೆ ನಾಚಿಕೆಯಾಯಿತು. ಸತ್ತ ಮೇಯರನ ಮೇಲೆ ಊರೆಲ್ಲ ನಗುವಂತೆ ತಮಾಷೆ ಮಾಡಿದ್ದಳು, ಒಲೆ ಪಕ್ಕ ಅಮ್ಮ ಇದ್ದಾಳೆಂದು ಒಂದು ದಿನವೂ ತಂಗಿಯನ್ನು ಕರೆದಿರಲಿಲ್ಲ.

"ಇನ್ನೊಂದು ಯೋಚ್ನೆ ಮಾಡಿದೀಯಾ?" ಎಂದಳು ರುಫೀನಾ, ಮೂಗೊರೆಸಿಕೊಂಡು. "ಅವರನ್ನೆಲ್ಲ ಒಳಗೆ ಬಿಟ್ರೆ ತಾಕ್ಯೊನ್ನ ಇಲ್ಲೇ ಕೊಡವ್ತಾರೆ. ಅವನು ಇಲ್ಲೇ ಉಳ್ಕೋತಾನೆ."

ಅದನ್ನು ತೊಮಾಸಾ ಯೋಚಿಸಿರಲಿಲ್ಲ. ಬೇಡವೆಂದರೂ ಊರಿನ ದೆವ್ವಗಳೆಲ್ಲ ಅವಳ ಪಾಲಿಗೆ ಬಂದಿದ್ದವು. ಬೇಕಾದ ಒಂದನ್ನು ಬೇರೆಯವರ ಮನೆಗೆ ತಾನೇ ಕಳಿಸಬೇಕಾಗಿತ್ತು. ಖಾಲಿ ಕುರ್ಚಿಗಳು ಕಣ್ಣಿಗೆ ಬಂದವು.

"ಇರ್ಲಿ ಬಿಡು," ಎಂದಳು. "ಎಲ್ಲಿ, ಪೊರಕೆ ಕೊಡು."

"ಹೆಣ ಮನೇಲಿಟ್ಕೊಂಡು ಕಸ ಗುಡಿಸ್ತಾರೇನೇ? ಅಷ್ಟೂ ಗೊತ್ತಿಲ್ಲ." ರುಫೀನಾ ತಾನೇ ಹೊರಬಂದು ಉಪ್ಪು ಗುಡಿಸಿದಳು, ಬೋರ್ಡು ಕಿತ್ತು ಒಲೆಗೆ ಹಾಕಿದಳು.

ಆ ಸಂಜೆಯಿಂದ ಕುರ್ಚಿಗಳು ಸಾಲದಾದವು. ಎಲ್ಲರಿಗಿಂತ ಮೊದಲು ಓಡಿಹೋಗಿ ಬಿಬಿಂಗ್ಕಾ ತಿಂದವನು ಕಪಿತಾನ್ ಬೆರೊ. ಪಾದ್ರಿಗಳ ನೆಗಡಿ ವಾಸಿಯಾಯಿತು. ಕತ್ತಲಾಗುವ ಮುಂಚೆ ರುಫೀನಾಳೂ ಬಂದಳು. ಶವಪೆಟ್ಟಿಗೆಯ ಮುಂದೆ ಒಂದು ಗಳಿಗೆ ನಿಂತು, ನೇರವಾಗಿ ಒಲೆಯ ಪಕ್ಕಕ್ಕೆ ಹೋಗಿ, ಅಮ್ಮನ ಜಾಗವೆಂದು ಯಾರೂ ಕೂರದೆ ಬಿಟ್ಟಿದ್ದ ಮಣೆಯ ಹತ್ತಿರ ನೆಲದ ಮೇಲೆ ಕೂತಳು. ಬಹಳ ಹೊತ್ತು ಏಳಲಿಲ್ಲ. ತೊಮಾಸಾ ಕೊಟ್ಟ ಗಂಜಿಯನ್ನು ಒಂದು ಚಮಚ ಕುಡಿದು, "ಶುಂಠಿ ಜಾಸ್ತಿ," ಎಂದಳು.

ತಾಕ್ಯೊ ಮಣ್ಣಾಗಿ ಬಹಳ ಕಾಲವಾಯಿತು. ಸತ್ತವರ ಮನೆಯಿಂದ ಬರುವವರು ಮತ್ತೆ ಗಂಜಿ ಅಂಗಡಿಗೇ ಬರುತ್ತಾರೆ. ಶುಕ್ರವಾರ ಮಧ್ಯಾಹ್ನ ಮಾತ್ರ ಅದು ಮುಚ್ಚಿರುತ್ತದೆ. ತೊಮಾಸಾ ತಂಗಿಯ ಹಿತ್ತಿಲ ಬಾಗಿಲಿಂದ ಒಳಗೆ ಹೋಗಿ, ಬೋರಲು ಹಾಕಿದ ಡಬ್ಬದ ಪಕ್ಕ ಚಾಪೆಯ ಮೇಲೆ ಕೂರುತ್ತಾಳೆ.

"ಏನ್ ಮಾಡ್ತಿದಾನೆ?"

"ಏನ್ ಮಾಡ್ತಾನೆ, ತಿಂತಿದಾನೆ," ಎನ್ನುತ್ತಾಳೆ ರುಫೀನಾ ಕೆಂಡ ಕೆದಕುತ್ತಾ. "ಬೆಳಿಗ್ಗೆಯಿಂದ ನಿನ್ನನ್ನೇ ಕೇಳ್ತಿದ್ದ. ಯಾಕ್ ಇವತ್ತು ತಡ ಮಾಡಿದ್ಳು ಅಂತ."

ತೊಮಾಸಾ ಅದನ್ನು ನಂಬುವುದಿಲ್ಲ. ಮುಂದಿನ ಶುಕ್ರವಾರ ಸ್ವಲ್ಪ ಬೇಗ ಹೊರಡುತ್ತಾಳೆ.