ಒಂದು ಕೋಳಿಗೆ ಒಂದು ಸ್ಟ್ರಾಬೆರಿ

ನಮ್ಮ ಹಿತ್ತಿಲಿನ ಸ್ಟ್ರಾಬೆರಿ ಗಿಡಕ್ಕೆ ನಾನು ತೆತ್ತ ಬೆಲೆ ಒಂದು ಕೋಳಿ. ಮೊಟ್ಟೆಯಿಡುತ್ತಿದ್ದ ಕೋಳಿ, ಅದೂ ನನ್ನದಲ್ಲ, ಹೆಂಡತಿಯದು. ಹುಣಸೂರು ಸಂತೆಯಲ್ಲಿ ಹಗ್ಗ ಮಾರಿ ಮೇಲೆ ಬಂದವನು ನಾನು; ಕಾಸು ಬಿಚ್ಚದೆ ಮುಗಿಯುವ ವ್ಯಾಪಾರವನ್ನು ಎಂದೂ ಬಿಟ್ಟವನಲ್ಲ. ಮಡಿಕೇರಿ ರಸ್ತೆಯ ಬಂಗಲೆಯೊಂದರ ಮಾಲಿ, "ದೊರೆಸಾನಿ ತಿನ್ನೋ ಹಣ್ಣು ಕಣ್ರೀ, ಈ ಸೀಮೇಲಿ ಇನ್ಯಾರತ್ರನೂ ಇಲ್ಲ," ಎಂದು ಅಂಗೈಯಗಲದ ಗಿಡ ತೋರಿಸಿದ. ಕೇಳಿದ್ದು ಎರಡು ಕೋಳಿ. ಒಂದಕ್ಕೆ ಇಳಿಸಿದೆನಲ್ಲ ಎಂದು ಬೀಗುತ್ತ ಮನೆಗೆ ಬಂದೆ.

ಹೆಂಡತಿ ಪುಟ್ಟಮ್ಮ ಗಿಡವನ್ನು ನೋಡಿದಳು, ಕೋಳಿ ಮುಚ್ಚುವ ಖಾಲಿ ಬುಟ್ಟಿಯನ್ನು ನೋಡಿದಳು.

"ಇದು ದಿನಾ ಮೊಟ್ಟೆ ಇಕ್ಕುತ್ತಾ?"

"ಮೊಟ್ಟೆ ಯಾಕೆ, ಮರೀನೇ ಹಾಕ್ತದೆ ಕಣೆ. ಅವನ್ನ ಕೊಟ್ಟು ನಿನ್ನ ಕೋಳಿ ತತ್ತೀನಿ."

"ಅಲ್ಲೀಗಂಟ ಈ ಬುಟ್ಟಿ ಯಾರೂ ಮುಟ್ಟಂಗಿಲ್ಲ."

ಆ ಬಿದಿರುಬುಟ್ಟಿ ಹಿತ್ತಿಲಲ್ಲಿ ನಾನು ನೆಟ್ಟ ಗಿಡದ ಪಕ್ಕದಲ್ಲೇ ಬೋರಲಾಗಿ ಕುಳಿತು ನನ್ನನ್ನು ಹಗಲೆಲ್ಲ ದಿಟ್ಟಿಸತೊಡಗಿತು.

ಸ್ಟ್ರಾಬೆರಿ ನನ್ನ ಜಾಯಮಾನದ ಗಿಡ. ಬೇರೆ ಹಣ್ಣುಗಳು ಬೀಜವನ್ನು ಹೊಟ್ಟೆಯೊಳಗೆ ಬಚ್ಚಿಟ್ಟರೆ ಇದು ಮೈಮೇಲೆಯೇ ಹರಡಿಕೊಂಡು, ಸಂತೆಯವನ ಹಾಗೆ ಸರಕೆಲ್ಲ ಎದುರಿಗಿಟ್ಟು ಕೂರುತ್ತದೆ. ಅದೆಲ್ಲ ಗಿರಾಕಿಯ ಕಣ್ಣಿಗೆ ಮಾತ್ರ. ನಿಜವಾದ ವಹಿವಾಟು ನೆಲದ ಮೇಲೆ: ಮಳೆ ಹಿಡಿದೊಡನೆ ಬುಡದಿಂದ ದಾರದಂಥ ಹಂಬುಗಳನ್ನು ಬಿಟ್ಟು, ಗೆಣ್ಣು ಮಣ್ಣಿಗೆ ತಾಗಿದಲ್ಲಿ ಬೇರೂರಿ ಹೊಸ ಅಂಗಡಿ ತೆರೆಯುತ್ತದೆ. ಬಂಡವಾಳವೆಲ್ಲ ತಾಯಿಗಿಡದ್ದೇ.

ಹಂಬುಗಳು ಹೊರಟವು. ಒಂದೊಂದಕ್ಕೂ ಮನಸ್ಸಿನಲ್ಲೇ ಗಿರಾಕಿಯನ್ನು ಗೊತ್ತುಮಾಡಿಕೊಂಡು ನಾನು ಸಂತೆ ಸುತ್ತಲು ಹೋದೆ. ಅಷ್ಟರಲ್ಲಿ ಪಿರಿಯಾಪಟ್ಟಣದ ಕಡೆಯಿಂದ ಮಾವನವರು ಮಗಳಿಗೆ ಗೌರಿಹಬ್ಬದ ಬಾಗಿನ ತಂದರು. ಹೊಗೆಸೊಪ್ಪಿನ ಬೇಸಾಯದಲ್ಲೇ ತಲೆ ನರೆತವರು. ಆ ಬೆಳೆಯಲ್ಲಿ ಎಲೆಸಂದಿಯ ಕುಡಿಯೆಂದರೆ ಕಳ್ಳನೇ. ಚಿವುಟದಿದ್ದರೆ ಸೊಪ್ಪು ದಪ್ಪವಾಗದು. ಅಡ್ಡಕುಡಿ ಕಂಡರೆ ಅಂಥವರ ಬೆರಳು ಸುಮ್ಮನಿರದು, ಬೀಗರ ಹಿತ್ತಿಲಾದರೂ ಸರಿ. ನಾನು ಹಿಂದಿರುಗಿದಾಗ ಗಿಡದ ಸುತ್ತ ನೆಲ ಬೋಳು.

"ಅಳೀಮಯ್ಯಾರೇ, ಗಿಡ ಸಾಕಾದು ಇಂಗಾ? ಕುಡಿಗೋಳೆಲ್ಲ ಸಾರ ಈರ್ತಾ ಇದ್ವು. ಒಂದೂ ಬುಡದಂಗೆ ಚಿವುಟಿವ್ನಿ!"

ಹೆಣ್ಣು ಕೊಟ್ಟ ಮಾವನಿಗೆ ಏನು ಹೇಳಲಿ? "ಒಳ್ಳೇದಾಯ್ತು ಬುಡಿ," ಎಂದೆ. ಪುಟ್ಟಮ್ಮ ಬಾಯಿಗೆ ಸೆರಗೊತ್ತಿಕೊಂಡು ಒಳಗೆ ಹೋದಳು.

ಮಾವನ ಮಾತು ಸುಳ್ಳಾಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಗಿಡ ಹೆಬ್ಬೆರಳು ಗಾತ್ರದ ಕೆಂಪು ಹಣ್ಣು ಬಿಟ್ಟಿತು. ಆದರೆ ಹಣ್ಣಿನಿಂದ ಕೋಳಿ ಬರುವುದಿಲ್ಲವಲ್ಲ! ಹುಳಿಸಿಹಿಯ ಹಣ್ಣು ನನ್ನ ಬಾಯಲ್ಲಿ ಬರೀ ಹುಳಿಯಾಯಿತು.

ಆಗ ಓಡೋಡಿ ಬಂದ ಆ ಮಾಲಿ. ಮಳೆಗಾಲದಲ್ಲಿ ನೀರು ನಿಂತು ಅವನ ಗಿಡಗಳೆಲ್ಲ ಕೊಳೆತಿದ್ದವು. ದೊರೆಸಾನಿ ಊಟಿಯಿಂದ ಬರುವುದರೊಳಗೆ ಒಂದಾದರೂ ಬೇಕಿತ್ತು. ನನ್ನಲ್ಲಿದ್ದದ್ದು ತಾಯಿಗಿಡ ಮಾತ್ರ. ಕೊಟ್ಟರೆ ಗಿಡವಿಲ್ಲ, ಕೊಡದಿದ್ದರೆ ಕೋಳಿಯಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಿದ್ದಂತೆಯೇ ಪುಟ್ಟಮ್ಮ ಬಂದು ಬುಟ್ಟಿಯನ್ನು ಎತ್ತಿದಳು. ಬಿದಿರಿನ ಸಂದಿಯಲ್ಲಿ ತೂರಿದ್ದ ಒಂದು ಹಂಬು ಅಲ್ಲಿ ಬೇರೂರಿ, ಸೊಗಸಾದ ಮರಿಗಿಡವಾಗಿ ಕುಳಿತಿತ್ತು!

"ನಿಂಗ್ಯಾವಾಗ ಗೊತ್ತಾಯ್ತೇ?"

"ನಮ್ಮಪ್ಪ ಚಿವುಟಿದ ದಿನ್ವೇ. ಬುಟ್ಟಿ ಮುಟ್ಟಬ್ಯಾಡ ಅಂದಿದ್ನಲ್ಲ, ಅದೊಂದು ಉಳ್ಕತು." ಮಾಲಿಯ ಕಡೆ ತಿರುಗಿ, "ನನ್ನ ಕೋಳಿ ತಗೊಂಬಾಣ್ಣ. ಮರಿ ಮಾಡಿದ್ರೆ ಅವೂ ಬರ್ಲಿ," ಎಂದಳು.

"ಅವ್ವಾ, ಮರಿ ನಮ್ಮನೇಲಿ ಹುಟ್ಟಿದ್ವು!"

"ಈ ಮರಿ ನಮ್ಮನೇಲಿ ಹುಟ್ಟಿದ್ದು. ಬ್ಯಾಡ್ದಿದ್ರೆ ಬುಡು."

ಸಂಜೆ ಕೋಳಿ ತನ್ನ ಸಂಸಾರ ಸಮೇತ ಬಂದಿಳಿಯಿತು. ಸಂತೆಗೆಲ್ಲ ಹೆಸರಾದ ಚೌಕಾಸಿಯವನು ನಾನು, ಬುಟ್ಟಿ ಹಿಡಿದು ನಿಂತಿದ್ದೆ.

ಆದ್ದರಿಂದ ಸ್ಟ್ರಾಬೆರಿ ಬೆಳೆಸುವವರೇ, ನನ್ನ ಮಾತು ಕೇಳಿ. ಮಡಿಯನ್ನು ಎತ್ತರಿಸಿ ನೆಡಿ, ನೀರು ನಿಲ್ಲಬಾರದು. ಹಣ್ಣು ಬೇಕಾದರೆ ಹಂಬು ಚಿವುಟಿ. ಮರಿ ಬೇಕಾದರೆ ಒಂದೆರಡನ್ನು ಉಳಿಸಿ, ಗೊಬ್ಬರಮಣ್ಣು ತುಂಬಿದ ಕುಡಿಕೆಯ ಮೇಲೆ ಗೆಣ್ಣನ್ನಿಟ್ಟು ಕವೆಗಡ್ಡಿಯಿಂದ ಒತ್ತಿ. ಮೆಲ್ಲಗೆ ಎಳೆದರೂ ಅಲುಗದಷ್ಟು ಬೇರು ಹಿಡಿದ ಮೇಲೆಯೇ ತಾಯಿಗಿಡದಿಂದ ಕತ್ತರಿಸಿ. ಹೊಗೆಸೊಪ್ಪಿನ ಸೀಮೆಯ ನೆಂಟರು ಬರುವ ದಿನ ಮೇಲೊಂದು ಬುಟ್ಟಿ ಮುಚ್ಚಿ. ಗಿರಾಕಿ ಬಂದಾಗ ಮಾತ್ರ ನೀವು ಬಾಯಿ ಮುಚ್ಚಿಕೊಂಡು, ಬುಟ್ಟಿಯ ಒಡತಿಯನ್ನು ಕರೆಯಿರಿ.