ಮಾಲೀಕರು ಸಂಪರ್ಕಕ್ಕೆ ಸಿಗಲಿಲ್ಲ

ಅವರ ಹಿಯರಿಂಗ್ ಏಡ್ ಕುಂಯ್ ಎಂದು ಶಿಳ್ಳೆ ಹೊಡೆಯುತ್ತಿತ್ತು. ಜಯನಗರದ ನಮ್ಮ ರಸ್ತೆಯಲ್ಲಿ ಆ ಸದ್ದು ಕೇಳಿದರೆ ಚೀಫ್ ಬರುತ್ತಿದ್ದಾರೆ ಎಂದರ್ಥ. ಒಂದು ಕಾಲದಲ್ಲಿ ಪತ್ರಿಕೆಯೊಂದರ ಚೀಫ್ ರಿಪೋರ್ಟರ್. ರಿಟೈರ್ ಆದ ಮೇಲೂ ನಮಗೆಲ್ಲ ಅವರು ಚೀಫೇ. ಯಾರಾದರೂ ತಮ್ಮ ಕಡೆಯ ಹುಡುಗನಿಗೆ ಶಿಫಾರಸು ಶುರುಮಾಡಿದರೆ ಆ ಏಡನ್ನು ಕಿವಿಯಿಂದ ತೆಗೆದು, ಮೇಜಿನ ಮೇಲಿಟ್ಟು, ನಗುತ್ತ ಕೂತುಬಿಡುತ್ತಿದ್ದರು.

ಶಿಫಾರಸು ಬರುತ್ತಿದ್ದುದು ಅವರ ಸ್ಕಾಲರ್‌ಶಿಪ್ಪಿಗಾಗಿ. ಜರ್ನಲಿಸಂ ಓದುತ್ತ, ತನಿಖಾ ವರದಿ ಮಾಡಬಯಸುವ ಒಬ್ಬ ವಿದ್ಯಾರ್ಥಿಗೆ ಅವರು ಪ್ರತಿವರ್ಷ ಕಾಲೇಜು ಫೀಸು, ವಸತಿಯ ಖರ್ಚು ಕೊಡುತ್ತಿದ್ದರು. ಅರ್ಜಿಯ ಜೊತೆ ಒಂದು ವರದಿ ಇರಲೇಬೇಕು. ಅದರಲ್ಲಿ ಯಾರ ಮೇಲೆ ಆರೋಪವೋ ಅವರ ಉತ್ತರವೂ, ಅವರದೇ ಮಾತಿನಲ್ಲಿ, ಇರಲೇಬೇಕು. ಕಾನ್ವೆಂಟಿನಲ್ಲಿ ನನ್‌ಗಳು ಕಲಿಸಿದ ನನ್ನ ಇಂಗ್ಲಿಷಿಗೆ ಮರುಳಾಗಿಯೋ ಏನೋ, ಅರ್ಜಿಗಳನ್ನು ಓದಲು ನನ್ನನ್ನು ಸೇರಿಸಿಕೊಂಡಿದ್ದರು. ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ ಎಂಬ ಕುತೂಹಲ ನನಗೆ. ಕೇಳುವುದು ಬ್ಯಾಡ್ ಮ್ಯಾನರ್ಸ್ ಎಂದು ಸುಮ್ಮನಿದ್ದೆ.

ಆ ವರ್ಷ ಗೊಟ್ಟಿಗೆರೆಯ ಹುಡುಗಿಯೊಬ್ಬಳ ವರದಿ ನನಗೆ ತುಂಬ ಹಿಡಿಸಿತು. ಕುಡಿಯುವ ನೀರು ಎಂದು ಬರೆದ ಟ್ಯಾಂಕರುಗಳು ಚರಂಡಿ ಸೇರುವ ಕೆರೆಯೊಂದರ ಪಕ್ಕದ ಬಾವಿಯಿಂದ ತುಂಬಿಕೊಳ್ಳುತ್ತಿದ್ದವು. ಗಾಡಿ ನಂಬರು, ಫೋಟೋ, ಹೊತ್ತು, ಎಲ್ಲ ಪಕ್ಕಾ. ಇಂಟರ್‌ವ್ಯೂಗೂ ಬಂದು ಚುರುಕಾಗಿ ಮಾತಾಡಿದಳು. ನಾನು ಫುಲ್ ಮಾರ್ಕ್ಸ್ ಕೊಟ್ಟೆ. ಚೀಫ್ ಮಾತ್ರ ಒಂದು ವಾಕ್ಯದ ಮೇಲೆ ಬೆರಳಿಟ್ಟರು: ‘ಮಾಲೀಕರು ಸಂಪರ್ಕಕ್ಕೆ ಸಿಗಲಿಲ್ಲ.’

“ಹೀಗೆ ಬರೆದ್ರೆ ಕೇಳೇ ಇಲ್ಲ ಅಂತ ಅರ್ಥ ಮೇಡಂ. ನಾನೇ ಎಷ್ಟು ಸಲ ಬರೆದಿಲ್ಲ.”

“ಹಾಗಾದ್ರೆ ರಿಜೆಕ್ಟ್ ಮಾಡಿ. ರೂಲ್ ಈಸ್ ರೂಲ್.”

“ಇಷ್ಟೆಲ್ಲ ಮಾಡಿದವಳು ಇದೊಂದನ್ನ ಯಾಕೆ ಬಿಟ್ಟಳು? ಅದು ನಿಮಗೆ ಗೊತ್ತಾಗೋದು ಬೇಡ್ವಾ?”

ಬೇಕಿತ್ತು. ಮಾರನೆಯ ದಿನ ಬನ್ನೇರುಘಟ್ಟ ರಸ್ತೆಯ ಬಸ್ಸು ಹತ್ತಿದೆವು. ಟ್ಯಾಂಕರ್ ಓನರ್ ಮನೆ ಎಂದರೆ ಟೀ ಅಂಗಡಿಯವನೇ ತೋರಿಸಿದ. ಬಾಡಿಗೆ ಮನೆಗಳನ್ನು ಹೆಗಲ ಮೇಲೆ ಹೊತ್ತಂತಿದ್ದ ಮೂರು ಮಹಡಿಯ ಮನೆ. ಬೆಲ್ ಒತ್ತಿದೆವು. ಬಾಗಿಲು ತೆಗೆದವಳು ಅದೇ ಹುಡುಗಿ.

ನಮ್ಮನ್ನು ಕಂಡದ್ದೇ ಬಾಗಿಲನ್ನು ಅರ್ಧ ಹಿಂದಕ್ಕೆ ದೂಡಿದಳು. ಒಳಗಿನಿಂದ ಗಂಡುದನಿ, “ಯಾರಮ್ಮಾ ಅದು? ಬಿಸಿಲಲ್ಲಿ ನಿಲ್ಲಿಸ್ಬೇಡ, ಒಳಗೆ ಕರಿ” ಎಂದಿತು. ಸಂಪರ್ಕಕ್ಕೆ ಸಿಗದ ಮಾಲೀಕರು ಸೋಫಾದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಅವಳ ಸೋದರಮಾವ. ತಂದೆಯಿಲ್ಲದ ಹುಡುಗಿ, ಅವರ ಮನೆಯಲ್ಲೇ ಬೆಳೆದವಳು.

“ಕಾಲೇಜಿನವ್ರಾ? ನಮ್ಮ ಹುಡುಗಿ ಏನಾದ್ರೂ ತರ್ಲೆ ಮಾಡಿದ್ಲಾ ಸಾರ್?” ಎಂದು ನಕ್ಕರು.

“ಅವಳು ನಿಮ್ಮನ್ನ ಒಂದು ಮಾತು ಕೇಳ್ಬೇಕಂತೆ. ಇವತ್ತು ಬೇಡ ಅಂದ್ರೂ ನಡೆಯುತ್ತೆ. ನಾವು ಹೊರಡ್ತೀವಿ” ಎಂದು ಚೀಫ್ ಎದ್ದರು. ಅವರು ತರಿಸಿಕೊಟ್ಟಿದ್ದ ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು ನಾನೂ ಎದ್ದೆ. ದುಪಟ್ಟಾದ ಅಂಚನ್ನೇ ಹಿಂಡುತ್ತ ನಿಂತಿದ್ದವಳು, ನಾವು ಚಪ್ಪಲಿ ಮೆಟ್ಟುವಾಗ ಕೇಳಿಯೇಬಿಟ್ಟಳು.

“ಮಾವ, ಟ್ಯಾಂಕರ್‌ಗೆ ಆ ಬಾವಿ ನೀರು ಯಾಕೆ ತುಂಬಿಸ್ತೀರಿ?”

ಅವರು ಕೈಯಲ್ಲಿದ್ದ ಸಿಪ್ಪೆಯನ್ನು ತಟ್ಟೆಗೆ ಹಾಕಿದರು. “ಬೋರ್ ಬತ್ತೋಯ್ತು, ಅದಕ್ಕೆ. ನಿನ್ನ ಫೀಸ್ ಕಟ್ಟಿದ್ದೂ ಅದೇ ನೀರಿಂದ. ಬರ್ಕೊಳ್ಳೋದಾದ್ರೆ ಅದನ್ನೂ ಬರ್ಕೋ.”

ವಾಪಸು ಬರುವಾಗ ಸಾರಕ್ಕಿ ಸಿಗ್ನಲ್‌ನಲ್ಲಿ ಬಸ್ಸು ನಿಂತೇ ಇತ್ತು. ಚೀಫ್ ತಾವಾಗಿಯೇ ಹೇಳಿದರು. ಪತ್ರಕರ್ತರ ಕೋಟಾದಲ್ಲಿ ಅಂಜನಾಪುರದ ಕಡೆ ಅವರಿಗೊಂದು ಸೈಟು ಸಿಕ್ಕಿತ್ತು. ಆಗ ಕೈಯಲ್ಲಿ ಒಂದು ಸ್ಟೋರಿ ಇತ್ತು, ಸೈಟು ಹಂಚಿದವರ ಅವ್ಯವಹಾರದ್ದೇ. “ಬರೀಲಿಲ್ಲ ಮೇಡಂ. ಬರೀಬೇಡ ಅಂತ ಯಾರೂ ಹೇಳ್ಲಿಲ್ಲ. ನಾನೇ ಬರೀಲಿಲ್ಲ.” ಆ ಸೈಟು ಮಾರಿದ ದುಡ್ಡೇ ಸ್ಕಾಲರ್‌ಶಿಪ್ಪು. ನನ್ನ ಕುತೂಹಲಕ್ಕೆ ಉತ್ತರ ಸಿಕ್ಕಿತ್ತು.

ಹುಡುಗಿಗೆ ಅವರು ಎರಡು ವಾರ ಟೈಮ್ ಕೊಟ್ಟರು. ಅಷ್ಟರಲ್ಲಿ ಚೀಫ್ ಹಾಸಿಗೆ ಹಿಡಿದರು, ಎದೆಯಲ್ಲಿ ಕಫ. ತಿದ್ದಿದ ವರದಿ ಬಂದ ಬೆಳಿಗ್ಗೆ ಅವರ ಕಿವಿಯ ಹತ್ತಿರ ಬಾಗಿ ಜೋರಾಗಿ ಓದಿದೆ. ಮಾವನ ಉತ್ತರ ಪೂರ್ತಿ ಇತ್ತು, ಫೀಸಿನ ಮಾತೂ ಸೇರಿ. ಮಾಲೀಕರು ತನ್ನ ಸೋದರಮಾವ, ತಾನು ಅವರ ಅನ್ನ ಉಂಡವಳು ಎಂದೂ ಬರೆದಿದ್ದಳು.

“ಅಡ್ರೆಸ್ ಯಾವುದು ಕೊಟ್ಟಿದಾಳೆ?” ಎಂದರು.

“ಮಾವನ ಮನೇದಲ್ಲ. ಬಿಟಿಎಂ ಲೇಔಟ್, ಯಾವುದೋ ಪೀಜಿ.”

ಚೀಫ್ ಚೆಕ್‌ಬುಕ್ಕಿಗೆ ಕೈ ಚಾಚಿದರು. ಮಲಗಿದಲ್ಲೇ ಮಾಡಿದ ಸಹಿ ವಕ್ರವಾಯಿತು. ಬ್ಯಾಂಕಿನವರು ಒಪ್ಪಲಾರರು ಎಂದು ಇನ್ನೊಂದು ಹಾಳೆಯಲ್ಲಿ ನಿಧಾನವಾಗಿ ಮತ್ತೆ ಮಾಡಿದರು.

“ಪೋಸ್ಟ್ ಬೇಡ ಮೇಡಂ, ಆಟೋ ಮಾಡ್ಕೊಂಡು ನೀವೇ ಹೋಗಿ ಕೊಟ್ಬನ್ನಿ. ಊಟ ಮಾಡಿದ್ಯಾ ಅಂತ ಕೇಳಿ.”

ನಾನು ಹೋದೆ. ಅವಳು ಊಟ ಮಾಡಿರಲಿಲ್ಲ. ಇಬ್ಬರೂ ಹತ್ತಿರದ ದರ್ಶಿನಿಯಲ್ಲಿ ನಿಂತು ಉಂಡು, ಅವಳನ್ನು ಪೀಜಿಗೆ ಬಿಟ್ಟು ಬರುವಷ್ಟರಲ್ಲಿ ಚೀಫ್ ಮನೆಯ ಮುಂದೆ ಬೆಂಕಿ ಹಾಕಿ ಜನ ಸೇರಿದ್ದರು.